ಕಣ್ಣಕ್ಕನ ಹದಿನಾಲ್ಕು ಕೆಂಪು ಬಾಣ

ಕಣ್ಣಕ್ಕ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಟ್ಟೆ ಫ್ಯಾಕ್ಟರಿಯವರು ಇಟ್ಟಿದ್ದು. ಹೊಲಿದು ಬಂದ ಅಂಗಿಗಳನ್ನ ಟೇಬಲ್ ಮೇಲೆ ಹರಡ್ಕೊಂಡು, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ದಾರ ಜೋತಾಡ್ತಿದೆ, ಎಲ್ಲಿ ಎಣ್ಣೆ ಕಲೆ ಬಿದ್ದಿದೆ ಅಂತ ಹುಡುಕೋದು ಅವಳ ಕೆಲಸ. ಸಿಕ್ಕಿದ ಜಾಗಕ್ಕೆ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಬಾಣ ಬಿತ್ತು ಅಂದ್ರೆ ಆ ಅಂಗಿ ವಾಪಸ್ ಹೊಲಿಗೆ ಮಿಷನ್ನಿಗೆ. ದಿನಕ್ಕೆ ಐನೂರು ಅಂಗಿ, ಏಳು ವರ್ಷ. ಲೆಕ್ಕ ಹಾಕೋಕೆ ಹೋಗ್ಬೇಡಿ, ತಲೆ ತಿರುಗುತ್ತೆ.

ಆ ಕಣ್ಣಿನ ಕಥೆಗಳು ಒಂದಾ ಎರಡಾ. ಒಂದ್ಸಲ ಓಡೋ ಬಸ್ಸಿನ ಕಿಟಕಿಯಿಂದ, ಮೂರನೇ ಮಹಡಿ ಬಾಲ್ಕನಿಯಲ್ಲಿ ನಿಂತಿದ್ದವನ ಅಂಗಿಯ ಎರಡನೇ ಗುಂಡಿ ಸಡಿಲ ಆಗಿದೆ ಅಂದ್ಲಂತೆ. ಪಕ್ಕದವರು ನಕ್ಕರಂತೆ. ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬಂದು ನೋಡಿದ್ರೆ ಗುಂಡಿ ಫುಟ್‌ಪಾತ್ ಮೇಲೆ ಬಿದ್ದಿತ್ತಂತೆ. ನಂಬೋರು ನಂಬಿ. ನಂಬದವರು ಹೋಗಿ ಆ ಬಾಲ್ಕನಿಯವನನ್ನ ಕೇಳ್ಕೊಳ್ಳಿ.

ಗಂಡ ಲಿಫ್ಟ್ ರಿಪೇರಿಯವನು. ಮದುವೆಗೆ ಮುಂಚೆ ಮೊದಲ ಸಲ ಮಾತಾಡ್ಸೋಕೆ ಬಂದಾಗ ಅವನ ಕಾಲರ್ ಹೊಲಿಗೆ ಅರ್ಧ ಇಂಚು ಸೊಟ್ಟ ಇತ್ತು. ಅದನ್ನ ನೋಡಿಯೂ ಒಪ್ಕೊಂಡ್ಲು. "ನನ್ನ ಹೆಂಡ್ತಿ ಕಣ್ಣು ಮುಚ್ಕೊಂಡು ಪಾಸ್ ಮಾಡಿದ ಒಂದೇ ಪೀಸ್ ನಾನು" ಅಂತ ಅವನು ಇವತ್ತಿಗೂ ಹೇಳ್ಕೊಂಡು ತಿರುಗ್ತಾನೆ. ಊರಲ್ಲಿ ಯಾವ ಕಟ್ಟಡದ ಲಿಫ್ಟ್ ಎರಡು ಮಹಡಿ ಮಧ್ಯ ನಿಂತ್ರೂ ಅವನ ಫೋನ್ ಬಡ್ಕೊಳುತ್ತೆ. ಹೊತ್ತು ಗೊತ್ತು ಇಲ್ಲ. ಒಬ್ಬ ಸಾಹೇಬ್ರು ಲಿಫ್ಟಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡಿದ್ರು ಅಂದ್ರೆ, ಇವನು ಬಾಗಿಲು ಬಿಡಿಸೋ ಹೊತ್ತಿಗೆ ಒಳಗೇ ರಿಟೈರ್ ಆಗಿದ್ರಂತೆ.

ಇವರಿಬ್ಬರಿಗೆ ಹತ್ತು ತಿಂಗಳ ಮಗಳು. ದುಂಡಗೆ ಇದಾಳೆ ಅಂತ ಮನೆಯಲ್ಲಿ ಗುಂಡಿ ಅಂತಾರೆ, ಅಂಗಿ ಗುಂಡಿ. ಗುಂಡಿಯನ್ನ ನೋಡ್ಕೊಳ್ಳೋದು ಅತ್ತೆ, ಅಂದ್ರೆ ಲಿಫ್ಟ್‌ನವನ ಅಮ್ಮ. ಬಂಡಿ ಹಂಗೂ ಹಿಂಗೂ ಓಡ್ತಾ ಇತ್ತು. ಒಂದು ಬುಧವಾರ ಅತ್ತೆ ಫೋನಿಟ್ಟು ಬಂದು ಗೋಡೆಗೆ ಒರಗಿ ಕೂತ್ರು.

"ಅವಳಿಗೆ ಅವಳಿ ಕಣಮ್ಮ" ಅಂದ್ರು.

ಮಗಳಿಗೆ, ಅಂದ್ರೆ ಕಣ್ಣಕ್ಕನ ನಾದಿನಿಗೆ, ಅವಧಿಗೆ ಮುಂಚೆ ಹೆರಿಗೆ ಆಗಿ ಎರಡು ಗಂಡು. ಅತ್ತೆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು.

"ಎಷ್ಟು ದಿನಕ್ಕೆ ಅತ್ತೆ?"

"ಒಂದು ಮಗು ಆಗಿದ್ರೆ ಮೂರು ತಿಂಗಳು. ಎರಡಕ್ಕೆ ನೀನೇ ಗುಣಿಸ್ಕೋ."

ಕಣ್ಣಕ್ಕ ಮಾರನೇ ದಿನ ಫ್ಲೋರ್ ಇನ್‌ಚಾರ್ಜ್ ಹತ್ರ ಹೋಗಿ ನಿಂತ್ಲು. ಅವನು ಕೆಟ್ಟವನೇನಲ್ಲ, ಆದರೆ ಅವನ ತಲೆ ಮೇಲೆ ಇನ್ನೊಬ್ಬ, ಅವನ ತಲೆ ಮೇಲೆ ಮತ್ತೊಬ್ಬ, ಹಿಂಗೆ ಒಬ್ಬರ ಮೇಲೊಬ್ಬರು ಕೂತು ಎಲ್ಲರಿಗೂ ಕತ್ತು ನೋವು.

"ನೋಡಮ್ಮ, ನಿನ್ನ ರಜೆ ಎಲ್ಲಾ ಮಗು ಜ್ವರಕ್ಕೇ ಮುಗಿದಿದೆ. ಸೋಮವಾರದಿಂದ ದೊಡ್ಡ ಆರ್ಡರ್. ಅವತ್ತು ನಿನ್ನ ಟೇಬಲ್ ಖಾಲಿ ಇದ್ರೆ ಮಂಗಳವಾರ ಅಲ್ಲಿ ಇನ್ನೊಬ್ಬಳು ಕೂತಿರ್ತಾಳೆ. ನಾನು ಕೂರಿಸೋದಲ್ಲ, ಮೇಲಿನವರು ಕೂರಿಸ್ತಾರೆ."

"ನಮ್ಮಲ್ಲೇ ಮಕ್ಕಳ ಕೋಣೆ ಇದೆಯಲ್ಲ ಸಾರ್. ಬೋರ್ಡ್ ಇದೆ."

"ಬೋರ್ಡ್ ಇದೆ" ಅಂತ ಅವನೂ ಒಪ್ಕೊಂಡ.

ಬೀಗ ತೆಗೆಸಿ ನೋಡಿದ್ರೆ ನೆಲದಿಂದ ಸೂರಿನ ತನಕ ರಟ್ಟಿನ ಡಬ್ಬ. ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಕುದುರೆ, ಹೊದಿಕೆ ಕೂಡ ಬಿಚ್ಚಿಲ್ಲ, ಉಸಿರು ಕಟ್ಟಿಕೊಂಡು ನಿಂತಿತ್ತು. ತಪಾಸಣೆಗೆ ಬರ್ತಾರಲ್ಲ, ಅವತ್ತು ಮಾತ್ರ ಡಬ್ಬ ತೆಗೀತಾರೆ. ಒಂದು ವರ್ಷ ಕೊನೇ ಗಳಿಗೆಯಲ್ಲಿ ಮಗು ಸಿಗದೆ, ಕುಳ್ಳಗಿದ್ದ ವಾಚ್‌ಮನ್ನಿಗೆ ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸಿದ್ರಂತೆ. ಬಂದವರು "ಮಗು ವಯಸ್ಸಿಗೆ ತಕ್ಕ ಬೆಳವಣಿಗೆ" ಅಂತ ಬರ್ಕೊಂಡು ಹೋದ್ರಂತೆ. ಮೀಸೆ ಬಗ್ಗೆ ಒಂದಕ್ಷರ ಬರೀಲಿಲ್ಲ.

ಇರ್ಲಿ, ಮಾತು ಎಲ್ಲಿಗೋ ಹೋಯ್ತು. ಕಣ್ಣಕ್ಕನ ಕಷ್ಟ ಇಷ್ಟೇ. ಫ್ಯಾಕ್ಟರಿ ಗೇಟು ಬೆಳಿಗ್ಗೆ ಎಂಟೂವರೆಗೆ ಮುಚ್ಚಿದ್ರೆ ಸಂಜೆ ಆರಕ್ಕೆ ತೆಗೆಯೋದು. ಒಳಗೆ ಹೋಗುವಾಗ ಫೋನನ್ನ ಗೇಟ್ ಹತ್ರದ ಡಬ್ಬಿಗೆ ಹಾಕಬೇಕು. ಬಸ್ಸು ಹಿಡಿದು ಬರೋಕೆ ಅರ್ಧ ಗಂಟೆ. ಅಂದ್ರೆ ಬೆಳಿಗ್ಗೆ ಎಂಟರಿಂದ ಸಂಜೆ ಆರೂಮುಕ್ಕಾಲಿನ ತನಕ ಗುಂಡಿಯನ್ನ ಇಟ್ಕೊಳ್ಳೋ ಒಂದು ಜಾಗ ಬೇಕು, ಭಾನುವಾರದ ಒಳಗೆ ಬೇಕು. ಇಲ್ಲಾಂದ್ರೆ ಏಳು ವರ್ಷದ ಟೇಬಲ್ ಹೋಯ್ತು.

ಶುಕ್ರವಾರ, ತಿಂಗಳಿಗೆ ಒಂದೇ ಸಲ ಸಿಗೋ ಎರಡು ಗಂಟೆ ಪರ್ಮಿಷನ್ ಹಾಕಿ, ಮನೆಗೆ ಹೋಗಿ ಗುಂಡಿಯನ್ನ ಎತ್ಕೊಂಡು ಎರಡು ಕಡೆ ನೋಡಿಬಂದ್ಲು.

ಮೊದಲನೇದು ಗಾಜಿನ ಬಾಗಿಲಿನದು. ಮೂಲೆಮೂಲೆಗೂ ಕ್ಯಾಮೆರಾ, ನೆಲ ಹೆಂಗೆ ಹೊಳೀತಿತ್ತು ಅಂದ್ರೆ ತಲೆ ಬಾಚ್ಕೊಬಹುದಿತ್ತು. ಎಂಟು ಪುಟದ ಫಾರಂ ಕೊಟ್ರು. "ಮಗುವಿನ ಮುಂದಿನ ಗುರಿ ಏನು?" ಅಂತ ಒಂದು ಪ್ರಶ್ನೆ. ಕಣ್ಣಕ್ಕ ಯೋಚನೆ ಮಾಡಿ "ನಿಂತ್ಕೊಳ್ಳೋದು" ಅಂತ ಬರೆದ್ಲು. ಕೌಂಟರಿನ ಹುಡುಗಿ ಫಾರಂ ತಗೊಂಡು, "ಸದ್ಯಕ್ಕೆ ಜಾಗ ಇಲ್ಲ ಮೇಡಂ, ವೇಟಿಂಗ್ ಇದೆ" ಅಂದ್ಲು.

"ಎಷ್ಟು ದಿನ?"

"ಎರಡು ವರ್ಷ. ಎಲ್ಲರೂ ಹೆರಿಗೆಗೆ ಮುಂಚೇನೇ ಹೆಸರು ಬರೆಸ್ತಾರೆ."

ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ನಗಾಡ್ತಿದ್ವಲ್ಲ, ಈಗ ಕುಲಾವಿ ಹೊಲಿಸದವರೇ ದಡ್ಡರು. ಅಲ್ಲಿ ಒಬ್ಬರು ಇನ್ನೂ ಹುಡುಗಿ ಒಪ್ಪೋ ಮುಂಚೆನೇ ಮಗುವಿನ ಹೆಸರು ಬರೆಸಿಟ್ಟಿದ್ರಂತೆ. ಹುಡುಗಿ ಒಪ್ಪಲಿಲ್ಲ, ಸೀಟು ಮಾತ್ರ ಇನ್ನೂ ಇದೆಯಂತೆ. ಹೊರಡುವಾಗ ಕಣ್ಣಕ್ಕ ಬಾಗಿಲ ಮೇಲಿನ ಸಮಯ ನೋಡಿದ್ಲು. ಸಂಜೆ ಐದಕ್ಕೆ ಬಂದ್. ಸೀಟು ಸಿಕ್ಕಿದ್ರೂ ಉಪಯೋಗ ಇರ್ಲಿಲ್ಲ.

ಎರಡನೇದು ಒಂದು ಮನೆಯ ಮಹಡಿ ಮೇಲೆ. ಮೆಟ್ಟಿಲು ಹತ್ತುವಾಗ ಒಂದು ಸದ್ದಿಲ್ಲ. ಮಕ್ಕಳೇ ಇಲ್ಲವೇನೋ ಅಂದ್ಕೊಂಡು ಬಾಗಿಲು ತಳ್ಳಿದ್ರೆ, ಹನ್ನೊಂದು ಮಕ್ಕಳು ಒಂದು ಟಿವಿ ಮುಂದೆ ಸಾಲಾಗಿ ಕೂತಿದ್ವು. ಒಂದೂ ತಿರುಗಿ ನೋಡ್ಲಿಲ್ಲ. ಒಂದು ಮಗುವಿನ ಬಾಯಿಂದ ಹಾಲಿನ ಬಾಟಲಿ ಜಾರಿ ಬಿದ್ದಿತ್ತು, ಬಾಯಿ ಮಾತ್ರ ಹಂಗೇ ತೆರೆದಿತ್ತು.

"ನೋಡಿ, ಒಂದೂ ಅಳಲ್ಲ" ಅಂದ್ಲು ಆ ಹೆಂಗಸು ಹೆಮ್ಮೆಯಿಂದ. "ಬೆಳಿಗ್ಗೆ ಕೂರಿಸಿದ್ರೆ ಸಂಜೆ ತನಕ ಹಿಂಗೇ."

ಕಣ್ಣಕ್ಕ ಚಿಟಿಕೆ ಹೊಡೆದ್ಲು. ಹನ್ನೊಂದರಲ್ಲಿ ಒಂದಾದ್ರೂ ತಿರುಗುತ್ತೇನೋ ಅಂತ. ಅವಳ ಕಂಕುಳಲ್ಲಿದ್ದ ಗುಂಡಿಯೊಬ್ಬಳೇ ತಿರುಗಿದ್ದು, ಅವಳೂ ಮರುಗಳಿಗೆಗೆ ಟಿವಿ ಕಡೆಗೆ. ಕಣ್ಣಕ್ಕ ಮಗುವಿನ ಕಣ್ಣಿಗೆ ಕೈ ಅಡ್ಡ ಇಟ್ಕೊಂಡು ಮೆಟ್ಟಿಲು ಇಳಿದ್ಲು.

ಆವತ್ತು ಸಂಜೆ ಮನೆಯಲ್ಲಿ ಗಂಡ ಬೂಟು ಬಿಚ್ತಾ ಕೇಳಿದ, "ಅದು ಬೇಡ, ಇದು ಬೇಡ. ಲೇ, ನೀನು ಅಂಗಿ ಚೆಕ್ ಮಾಡ್ತಿದ್ದೀಯೋ, ಮಗು ಬಿಡೋಕೆ ಜಾಗ ನೋಡ್ತಿದ್ದೀಯೋ?"

"ಅಂಗಿ ಕೆಟ್ಟರೆ ಬಿಚ್ಚಿ ಹೊಲೀಬಹುದು ರೀ."

"ಹಂಗಂತ ಬೆಣ್ಣೆಯಲ್ಲಿ ಕಲ್ಲು ಹುಡುಕಿದ್ರೆ?"

ಅತ್ತೆ ಚೀಲಕ್ಕೆ ಸೀರೆ ತುಂಬ್ತಾ ಇದ್ರು. "ನಾನು ಇವನನ್ನ ಮಂಚದ ಕಾಲಿಗೆ ಕಟ್ಟಿ ಕೆಲಸಕ್ಕೆ ಹೋಗ್ತಿದ್ದೆ. ಏನಾಯ್ತು ಇವನಿಗೆ?"

"ಆಗಿರೋದು ಕಾಣಲ್ವಾ ಅತ್ತೆ" ಅಂದ್ಲು ಕಣ್ಣಕ್ಕ. "ಈಗಲೂ ಹಗ್ಗ ಕಂಡ್ರೆ ನೇತಾಡ್ತಾರೆ. ಲಿಫ್ಟ್ ರಿಪೇರಿ ಅಂತೆ."

ಮೂವರೂ ನಕ್ಕರು. ಗುಂಡಿ ಅತ್ತೆಯ ಚೀಲದೊಳಗೆ ಕೂತು ಸೀರೆಗಳನ್ನ ಒಂದೊಂದಾಗಿ ಹೊರಗೆ ಎಸೀತಾ ಇದ್ಲು.

ಶನಿವಾರ ಅರ್ಧ ದಿನ. ಲೈನಿನ ಒಬ್ಬಳು ಹೊಲಿಗೆಯವಳು ಒಂದು ವಿಳಾಸ ಹೇಳಿದ್ಲು. ಕಣ್ಣಕ್ಕ ಫ್ಯಾಕ್ಟರಿ ಕೋಟನ್ನೂ ಬಿಚ್ಚದೆ ಸೀದಾ ಅಲ್ಲಿಗೇ ಹೋದ್ಲು. ಹಸಿರು ಗೇಟಿನ ಕೆಳಮನೆ. ನಡೆಸ್ತಿದ್ದಿದ್ದು ಚಿಕ್ಕ ಮಕ್ಕಳ ಶಾಲೆಯಿಂದ ರಿಟೈರ್ ಆದ ಒಬ್ಬ ಟೀಚರಮ್ಮ. ಬೆಳಿಗ್ಗೆ ಏಳೂವರೆಯಿಂದ ಸಂಜೆ ಏಳರ ತನಕ ತೆಗೆದಿರುತ್ತೆ. ಒಂಬತ್ತು ಮಕ್ಕಳು, ಇಬ್ಬರು ಆಯಾಗಳು. ಮಕ್ಕಳು ಕಿರುಚ್ತಿದ್ವು, ಒಂದು ಇನ್ನೊಂದರ ಕೂದಲು ಎಳೀತಿತ್ತು, ಒಂದು ಗೋಡೆ ನೆಕ್ತಿತ್ತು. ಆ ಗಲಾಟೆ ಕೇಳಿ ಕಣ್ಣಕ್ಕ ಮೂರು ದಿನದಲ್ಲಿ ಮೊದಲನೇ ಸಲ ಬಾಯಿ ತುಂಬ ನಕ್ಕಳು.

"ಒಂದೇ ಸೀಟಿದೆ" ಅಂದ್ರು ಟೀಚರಮ್ಮ. "ಒಳಗೆಲ್ಲ ನೋಡ್ಕೊಂಡು ಬನ್ನಿ ಅಮ್ಮ. ನಾನು ಈ ಸುಂದರಿ ಮೂಗು ಒರೆಸಿ ಬರ್ತೀನಿ."

ಕಣ್ಣಕ್ಕ ಒಬ್ಬಳೇ ಎಲ್ಲಾ ಕೋಣೆ ಸುತ್ತಿದ್ಲು. ಬಂದು, "ನನಗೆ ಒಪ್ಪಿಗೆ" ಅಂದ್ಲು. ಟೀಚರಮ್ಮ ಸೋಮವಾರ ಒಂದು ಫೋಟೋ, ಎರಡು ಜೊತೆ ಬಟ್ಟೆ ತನ್ನಿ ಅಂದ್ರು. ಬಸ್ಸಲ್ಲಿ ಕೂತಾಗ ಅವಳಿಗೆ ಹಾಡು ಹೇಳೋ ಹಂಗಾಯ್ತಂತೆ. ಹೇಳಲಿಲ್ಲ, ಬಸ್ಸಿನವರ ಪುಣ್ಯ.

ಸಂಜೆ ಆರೂವರೆಗೆ ಫೋನ್ ಬಂತು.

"ಏನಮ್ಮ ಇದು?" ಅಂದ್ರು ಟೀಚರಮ್ಮ. ಸ್ವರ ತಣ್ಣಗಿತ್ತು. "ನನ್ನ ಮನೆ ತುಂಬ ಕೆಂಪು ಬಾಣ ಅಂಟಿಸಿ ಹೋಗಿದ್ದೀರಲ್ಲ."

ಕಣ್ಣಕ್ಕ ಕೋಟಿನ ಜೇಬಿಗೆ ಕೈ ಹಾಕಿದ್ಲು. ಸ್ಟಿಕ್ಕರ್ ಸುರುಳಿ ತೆಳ್ಳಗಾಗಿತ್ತು.

ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ, ಏಳು ವರ್ಷದ ಕೈ ಅಭ್ಯಾಸ ಅದರ ಅಪ್ಪ. ಕಣ್ಣು ಎಲ್ಲಿ ನಿಂತ್ರೂ ಕೈ ತಾನೇ ಹೋಗಿ ಅಂಟಿಸಿ ಬಂದಿತ್ತು. ಅವಳಿಗೆ ಗೊತ್ತೇ ಆಗಿರ್ಲಿಲ್ಲ, ಉಸಿರಾಡಿದ್ದು ಯಾರಿಗೆ ಗೊತ್ತಾಗುತ್ತೆ.

"ಹದಿನಾಲ್ಕು" ಅಂದ್ರು ಟೀಚರಮ್ಮ. "ಗೋಡೆ ತೇವಕ್ಕೆ ಒಂದು. ಪ್ಲಗ್ಗಿಗೆ ಒಂದು. ಬಚ್ಚಲು ಬಾಗಿಲ ಚಿಲಕಕ್ಕೆ ಒಂದು. ನಮ್ಮ ಆಯಾ ತೋಳಿನ ಮೇಲೂ ಒಂದು. ಅವಳು ಮಧ್ಯಾಹ್ನವೆಲ್ಲ ಅದನ್ನ ಹೊತ್ಕೊಂಡು ಓಡಾಡಿದಾಳೆ, ಪಾಪ. ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದ ತಾಯಂದಿರು, ಇದೇನು ಸರ್ಕಾರದವರು ಗುರುತು ಮಾಡಿದ್ರಾ, ಬೀಗ ಹಾಕ್ತಾರಾ ಅಂತ ಕೇಳ್ತಾರೆ. ನಿಮ್ಮ ಮಗು ಬೇಡಮ್ಮ ನನಗೆ."

ಫೋನ್ ಕಟ್ ಆಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಇಲ್ಲಿ ಬಾಯಿಗೆ ಬಂದಿದ್ದನ್ನ ಕೈಯೇ ತಳ್ಳಿಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಕಾಲಿಗಾದ್ರೂ ಬೀಳೋಣ ಅಂತ ಹೊರಟ್ರು. ಬಾಗಿಲು ದಾಟುವಾಗ ಅವನ ಫೋನ್. ಒಂದು ಆಸ್ಪತ್ರೆ ಲಿಫ್ಟು ಮಧ್ಯದಲ್ಲಿ ನಿಂತಿದೆ, ಒಳಗೆ ಐದು ಜನ.

"ಹೋಗಿ" ಅಂದ್ಲು ಕಣ್ಣಕ್ಕ. "ಅವರಾದ್ರೂ ಹೊರಗೆ ಬರ್ಲಿ."

ಗುಂಡಿಯನ್ನ ಎತ್ಕೊಂಡು ಒಬ್ಬಳೇ ಹಸಿರು ಗೇಟಿನ ಮುಂದೆ ನಿಂತ್ಲು. ಭಾನುವಾರ ಮಕ್ಕಳಿಲ್ಲ, ಟೀಚರಮ್ಮ ಒಬ್ಬರೇ ಸಣ್ಣ ಹಾಸಿಗೆಗಳನ್ನ ಬಿಸಿಲಿಗೆ ಹಾಕ್ತಿದ್ರು. ನೋಡಿಯೂ ನೋಡದ ಹಂಗೆ ಇನ್ನೆರಡು ಹಾಸಿಗೆ ಹಾಕಿದ್ರು. ಆಮೇಲೆ ಗೇಟು ತೆಗೆದ್ರು.

"ತಪ್ಪಾಯ್ತು ಟೀಚರ್" ಅಂದ್ಲು. "ಬೇಕು ಅಂತ ಮಾಡಿದ್ದಲ್ಲ. ದಿನವೆಲ್ಲ ಅದೇ ಕೆಲಸ, ಕೈಗೆ ರೂಢಿ ಆಗ್ಬಿಟ್ಟಿದೆ."

"ನಿಮ್ಮ ಗಂಡನಿಗೂ ಅಂಟಿಸ್ತೀರಾ?"

"ಜಾಗ ಸಾಲಲ್ಲ ಟೀಚರ್."

ಟೀಚರಮ್ಮನ ಮುಖ ಸಡಿಲ ಆಗೋಕೆ ಹೋಗಿ ಮತ್ತೆ ಬಿಗೀತು. ಅವಳನ್ನ ಒಳಗೆ ಕರೆದು ಒಂದೊಂದೇ ಬಾಣ ತೋರಿಸ್ತಾ ಬಂದ್ರು. "ಇದು ಗೊತ್ತು, ಮನೆ ಮಾಲೀಕರಿಗೆ ಹೇಳಿದ್ದೀನಿ. ಇದೂ ಗೊತ್ತು, ಮುಚ್ಚಳ ತರಿಸಿದ್ದೀನಿ. ಆಯಾ ತೋಳಿಗೆ ಯಾಕೆ ಹಾಕಿದ್ದು?"

"ತೋಳಿನ ಗುಂಡಿ ಸಡಿಲ ಇತ್ತು. ಮಗು ಕಿತ್ತು ಬಾಯಿಗೆ ಹಾಕ್ಕೊಂಡ್ರೆ..."

ಟೀಚರಮ್ಮ ಅವಳ ಕಡೆ ತಿರುಗಿದ್ರು. "ಅದು ಗೊತ್ತಿರ್ಲಿಲ್ಲ" ಅಂದ್ರು.

ಬಚ್ಚಲು ಬಾಗಿಲ ಹತ್ರ ಕಣ್ಣಕ್ಕ ತಾನೇ ನಿಂತ್ಲು. ಚಿಲಕ ಹಾಕಿದ್ರೂ ಬೆರಳಲ್ಲಿ ತಳ್ಳಿದ್ರೆ ಬಾಗಿಲು ತೆರ್ಕೊಳ್ತಿತ್ತು. ಒಳಗೆ ಬಕೆಟ್, ಅಂಚಿನ ತನಕ ನೀರು.

"ಬಡಗಿಗೆ ಹೇಳಿದ್ದೀನಿ" ಅಂದ್ರು ಟೀಚರಮ್ಮ. "ಬರ್ತೀನಿ ಅಂದಿದಾನೆ. ಬಡಗಿ ಬರ್ತೀನಿ ಅಂದ್ರೆ ಗೊತ್ತಲ್ಲ ನಿಮಗೆ. ಮಕ್ಕಳಿದ್ದಾಗ ಬಕೆಟ್ ಖಾಲಿ ಇಡ್ತೀವಿ."

ನಿನ್ನೆ ಒಂಬತ್ತು ಮಕ್ಕಳಿದ್ವು. ನಿನ್ನೆಯೂ ಬಕೆಟ್ ತುಂಬಿತ್ತು. ಅದು ಕಣ್ಣಕ್ಕನ ನಾಲಿಗೆ ತುದಿಗೆ ಬಂತು. ನಾಲಿಗೆಯನ್ನ ಹಲ್ಲಲ್ಲಿ ಕಚ್ಚಿ ಹಿಡ್ಕೊಂಡ್ಲು.

ಟೀಚರಮ್ಮ ಕುರ್ಚಿ ಎಳ್ಕೊಂಡು ಕೂತ್ರು. "ನೋಡಿ ಅಮ್ಮ, ಸುಳ್ಳು ಯಾಕೆ ಹೇಳ್ಲಿ. ನಿಮ್ಮ ಬಾಣ ನೋಡಿ ಇಬ್ಬರು ಇನ್ನು ಕಳಿಸಲ್ಲ ಅಂದಿದಾರೆ. ಒಂದು ಸೀಟು ಖಾಲಿ ಇದ್ದಿದ್ದು ಈಗ ಮೂರಾಗಿದೆ. ಆಯಾಗಳನ್ನ ಬಿಡೋಕಾಗಲ್ಲ. ನಿಮ್ಮ ಮಗುನ ಬಿಡಿ, ಇಟ್ಕೊಳ್ತೀನಿ. ಆದರೆ ಒಂದು ಮಾತು."

"ಹೇಳಿ ಟೀಚರ್."

"ನೀವು ಗೇಟಿನಿಂದ ಒಳಗೆ ಬರಂಗಿಲ್ಲ. ಬೆಳಿಗ್ಗೆ ಗೇಟ್ ಹತ್ರ ಕೊಡಿ, ಸಂಜೆ ಗೇಟ್ ಹತ್ರ ತಗೊಳ್ಳಿ. ಮಿಕ್ಕವರು ಬೇಕಾದ್ರೆ ಬರ್ಲಿ, ನೀವು ಬೇಡ. ಹೋದವರು ವಾಪಸ್ ಬರಬೇಕು ಅಂದ್ರೆ ನಾನು ಹಿಂಗೇ ಹೇಳಬೇಕಾಗುತ್ತೆ."

ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಗೆ ಕತ್ತರಿ ಎರಡು ಕಡೆಯಿಂದ ಕೇಳುತ್ತಂತೆ, "ನಿನಗೆ ಯಾವ ಕಡೆಯಿಂದ ಆಗಬೇಕು?" ಅಂತ. ಟಿವಿ ಮನೆಗೆ ಯಾವಾಗ ಬೇಕಾದ್ರೂ ಹೋಗಿ ನೋಡಬಹುದು, ಅಲ್ಲಿ ನೋಡೋಕೆ ಮಗುವೇ ಇರಲ್ಲ, ಮಗುವಿನ ಥರದ್ದೊಂದು ಇರುತ್ತೆ. ಇಲ್ಲಿ ಮಗು ಮಗುವಾಗೇ ಇರುತ್ತೆ, ನೋಡಂಗಿಲ್ಲ. ಎರಡೂ ಬೇಡ ಅಂದ್ರೆ ಟೇಬಲ್ ಇಲ್ಲ. ಗುಂಡಿ ಅಷ್ಟರಲ್ಲಿ ಕೆಳಗಿಳಿದು, ಟೀಚರಮ್ಮನ ಚಪ್ಪಲಿ ಹಿಡ್ಕೊಂಡು, ಜನ್ಮದಲ್ಲಿ ಮೊದಲನೇ ಸಲ ಎದ್ದು ನಿಲ್ಲೋಕೆ ನೋಡಿ ಕುಕ್ಕರಿಸಿ ಬಿದ್ಲು. ಟೀಚರಮ್ಮ ಎತ್ತಿಕೊಂಡು ಮೊಣಕಾಲಿನ ಧೂಳು ಒರೆಸಿದ್ರು. ಒರೆಸೋ ಕೈ ಒಳ್ಳೇದು, ಅದು ಕಣ್ಣಕ್ಕನಿಗೆ ಕಾಣ್ತು.

"ಆಯ್ತು ಟೀಚರ್" ಅಂದ್ಲು.

ಮಧ್ಯಾಹ್ನ ಅತ್ತೆ ಬಸ್ಸು ಹತ್ತಿದ್ರು. ಕಿಟಕಿಯಿಂದ ಬಗ್ಗಿ ಸೊಸೆಯ ಕೈ ಹಿಡಿದು, "ಎಲ್ಲಾ ಸರಿ ಹೋಗುತ್ತೆ ಬಿಡು, ಮಕ್ಕಳು ಹೆಂಗೋ ಬೆಳೀತವೆ" ಅಂದ್ರು. ಆ 'ಹೆಂಗೋ' ಅನ್ನೋದೇ ಕಣ್ಣಕ್ಕನಿಗೆ ಆಗದ ಮಾತು.

ಸೋಮವಾರ ಎಂಟು ಗಂಟೆ. ಹಸಿರು ಗೇಟು ಒಂದು ಮೊಳ ತೆರೆದುಕೊಳ್ತು. ಆಯಾ ಕೈ ಚಾಚಿದ್ಲು, ತೋಳಿನ ಗುಂಡಿಗೆ ಹೊಸ ದಾರ ಬಿದ್ದಿತ್ತು. ಗುಂಡಿ ಅಳಲೇ ಇಲ್ಲ, ಆಯಾಳ ಕಿವಿ ಓಲೆ ಹಿಡ್ಕೊಂಡು ಒಳಗೆ ಹೋದ್ಲು. ಗೇಟು ಮುಚ್ಚಿತು. ಕಣ್ಣಕ್ಕ ಓಡಿದ್ಲು. ಎಂಟು ಇಪ್ಪತ್ತೊಂಬತ್ತಕ್ಕೆ ಫ್ಯಾಕ್ಟರಿ ಗೇಟು, ಫೋನು ಡಬ್ಬಿಗೆ, ಹಿಂದೆ ಆ ಗೇಟೂ ಮುಚ್ಚಿತು.

ಅವತ್ತು ಅವಳ ಟೇಬಲ್ ಮುಂದೆ ಅಂಗಿಗಳ ಗುಡ್ಡ ಬೆಳೀತು. ಎಷ್ಟು ಎತ್ತರ ಅಂದ್ರೆ ತುದಿಯಲ್ಲಿ ಮೋಡ ನಿಂತಿತ್ತು ಅಂತ ಲೈನಿನವರು ಆಣೆ ಮಾಡಿ ಹೇಳ್ತಾರೆ. ಪ್ರತಿ ಅಂಗಿಯನ್ನ ಎರಡು ಸಲ ನೋಡ್ತಿದ್ಲು. ಮೊದಲನೇ ಸಲ ಅಂಗಿ ಕಾಣ್ತಿರ್ಲಿಲ್ಲ, ಬಾಗಿಲು ಕಾಣ್ತಿತ್ತು, ಬೆರಳಲ್ಲಿ ತಳ್ಳಿದ್ರೆ ತೆರ್ಕೊಳ್ಳೋದು. ಗಂಡನಿಗೆ ಫೋನ್ ಮಾಡೋಣ ಅಂದ್ರೆ ಫೋನ್ ಡಬ್ಬಿಯಲ್ಲಿ. ಓಡಿಹೋಗಿ ನೋಡಿಬರೋಣ ಅಂದ್ರೆ ಗೇಟು ಆರಕ್ಕೆ. ಹೋದ್ರೂ ಅಲ್ಲಿ ಇನ್ನೊಂದು ಗೇಟು.

"ಏನಮ್ಮ, ಕಣ್ಣಿಗೆ ನಿದ್ದೆನಾ?" ಅಂದ ಇನ್‌ಚಾರ್ಜ್.

"ಇಲ್ಲ ಸಾರ್, ಮಾಡ್ತೀನಿ."

ಸಂಜೆ ಆರೂ ನಲವತ್ತಕ್ಕೆ ಹಸಿರು ಗೇಟಿನ ಮುಂದೆ ಐದು ಜನ ಇದ್ರು. ನಾಲ್ಕು ಜನ ಒಳಗೆ ಹೋಗಿ ಮಕ್ಕಳನ್ನ ಕರ್ಕೊಂಡು ಬಂದ್ರು. ಕಣ್ಣಕ್ಕ ರಸ್ತೆಯಲ್ಲೇ ನಿಂತ್ಲು. ಕೊನೆಗೆ ಆಯಾ ಗುಂಡಿಯನ್ನ ಎತ್ಕೊಂಡು ಬಂದ್ಲು.

"ಹೆಂಗಿದ್ಲು?"

"ಚೆನ್ನಾಗಿದ್ಲು."

"ಏನು ಮಾಡಿದ್ಲು?"

"ಆಡಿದ್ಲು, ಮಲಗಿದ್ಲು." ಎಲ್ಲರಿಗೂ ಹೇಳೋ ಮಾತೇ ಇವಳಿಗೂ.

ಮಗುವಿನ ಬಲಗೈ ತೋಳು ಮೊಣಕೈ ತನಕ ಒದ್ದೆ ಇತ್ತು.

"ಇದು ಯಾಕೆ ಒದ್ದೆ?"

"ನೀರು ಕುಡಿಸುವಾಗ ಚೆಲ್ತು ಅಕ್ಕ" ಅಂದ್ಲು ಆಯಾ. ಗೇಟು ಮುಚ್ಚಿದ್ಲು.

ಚೆಲ್ಲಿರಲೂಬಹುದು. ಮಕ್ಕಳು ನೀರು ಚೆಲ್ಲದೆ ಇನ್ನೇನು ಮಾಡ್ತವೆ. ಕಣ್ಣಕ್ಕ ಬೀದಿ ದೀಪದ ಕೆಳಗೆ ನಿಂತು ಮಗುವನ್ನ ತಲೆಯಿಂದ ಕಾಲಿನ ತನಕ ನೋಡಿದ್ಲು. ಕಿವಿ ಹಿಂದೆ, ಕುತ್ತಿಗೆ ಮಡಿಕೆ, ಬೆರಳ ಸಂದಿ. ಒಂದು ಗೀರೂ ಇಲ್ಲ. ಗುಂಡಿ ಅಮ್ಮನ ಮೂಗು ಹಿಡಿದು ನಗ್ತಿದ್ಲು. ಆ ಒದ್ದೆ ತೋಳನ್ನ ಕಣ್ಣಕ್ಕ ಮೂಸಿ ನೋಡಿದ್ಲು. ನೀರಿಗೆ ಯಾವ ವಾಸನೆ ಇರುತ್ತೆ, ಕುಡಿಯೋ ನೀರೋ ಬಕೆಟ್ ನೀರೋ ಹೇಳೋಕೆ?

ಗಂಡ ಅಷ್ಟರಲ್ಲಿ ಕೈಯೆಲ್ಲ ಗ್ರೀಸ್ ಮಾಡ್ಕೊಂಡು ಬಂದ. ಮಗುವನ್ನ ಮುಟ್ಟೋಕಾಗದೆ ಮೊಣಕೈಯಲ್ಲೇ ಕೆನ್ನೆ ಸವರಿದ.

"ಹೆಂಗಿತ್ತಂತೆ ಒಳಗೆ?"

"ಚೆನ್ನಾಗಿತ್ತಂತೆ."

ಅವನು ಅವಳ ಮುಖ ನೋಡಿದ. ಗೇಟಿನ ಮಾತು, ಬಚ್ಚಲು ಬಾಗಿಲಿನ ಮಾತು ಎರಡನ್ನೂ ಅವಳು ನಿನ್ನೆಯೇ ಹೇಳಿದ್ಲು.

"ನಾಳೆ ನಾನು ಬಿಡ್ತೀನಿ ಬಿಡು" ಅಂದ. "ನನಗೇನು ಒಳಗೆ ಬರಬೇಡಿ ಅಂದಿಲ್ಲವಲ್ಲ. ಬಾಗಿಲು ನೋಡ್ಕೊಂಡು ಬರ್ತೀನಿ."

"ನಿಮಗೆ ಫೋನ್ ಬರುತ್ತೆ."

"ಬರದೇ ಇದ್ರೆ?"

"ಬರುತ್ತೆ" ಅಂದ್ಲು. ಮಗುವನ್ನ ಇನ್ನೊಂದು ಹೆಗಲಿಗೆ ಬದಲಾಯಿಸ್ಕೊಂಡ್ಲು. "ನಾನೇ ಬಿಡ್ತೀನಿ. ಆಯಾ ಮಗು ತಗೊಳ್ಳುವಾಗ ಗೇಟು ಒಂದು ಮೊಳ ತೆರೆದಿರುತ್ತೆ. ಸ್ವಲ್ಪ ಎಡಕ್ಕೆ ನಿಂತ್ರೆ ಬಚ್ಚಲು ಬಾಗಿಲು ಕಾಣುತ್ತೆ."